ತಪ್ಪೇ ಇಲ್ಲದ ಕಾರ್ಡು

ಲಿಫ್ಟ್ ರಿಪೇರಿ ಕಂಪನಿಯ ಎರಡನೇ ಮಹಡಿಯ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಮೇಡಂಗೆ ಒಂದು ಅಡ್ಡಹೆಸರಿತ್ತು: ಕೆಂಪು ಪೆನ್ನು. ಅದು ಅವರಿಗೂ ಗೊತ್ತಿತ್ತು. ಬೇಸರವೇನೂ ಇರಲಿಲ್ಲ, ಒಳಗೊಳಗೇ ಹೆಮ್ಮೆಯೇ ಅನ್ನಿ. ಕಚೇರಿಯಿಂದ ಹೊರಹೋಗುವ ಪ್ರತಿ ಕಾಗದವೂ ಅವರ ಮೇಜು ದಾಟಿಯೇ ಹೋಗಬೇಕು. ಮೆಕ್ಯಾನಿಕ್ಕುಗಳ ರಿಪೋರ್ಟಿರಲಿ, ಮ್ಯಾನೇಜರ್ ಬರೆದ ಪತ್ರವೇ ಇರಲಿ, ದಾಟುವಷ್ಟರಲ್ಲಿ ಅದರ ಮೈತುಂಬ ಕೆಂಪು.

ಅವರ ಮೈ ಉರಿಸುತ್ತಿದ್ದ ಇಂಗ್ಲಿಷ್ ಮಾತುಗಳು ಒಂದೇ ಎರಡೇ! ಯಾರಾದರೂ 'ರಿವರ್ಟ್ ಬ್ಯಾಕ್' ಎಂದು ಬರೆದರೋ, ಅವರ ಕಥೆ ಮುಗಿಯಿತು. "ರಿವರ್ಟ್ ಅಂದ್ರೆ ಉತ್ತರ ಬರೆಯೋದಲ್ಲಪ್ಪಾ, ಮೊದಲಿದ್ದ ಹಾಗೆ ಆಗೋದು. ನೀನೇನು ಮತ್ತೆ ಮಗು ಆಗ್ತೀಯಾ?" 'ಡಿಸ್ಕಸ್ ಅಬೌಟ್' ಕಂಡರೆ ಅಬೌಟಿನ ಕತ್ತು ಹಾರಿತೆಂದೇ ಲೆಕ್ಕ. ಕಸಿನ್ ಬ್ರದರ್ ಮದುವೆಗೆ ರಜೆ ಕೇಳಿದ, ಕಚೇರಿಯ ಫೋನ್ ಎತ್ತುವ ಹುಡುಗಿಗೆ, "ಕಸಿನ್ನೋ ಬ್ರದರೋ, ಒಂದನ್ನ ಗಟ್ಟಿ ಮಾಡ್ಕೊಂಡು ಬಾ, ಆಮೇಲೆ ರಜೆ" ಎಂದು ಅರ್ಜಿ ವಾಪಸು ಕೊಟ್ಟಿದ್ದರು. "ಬಿಸಿಲಲ್ಲಿ ಲಿಟರಲಿ ಸತ್ತೇ ಹೋದೆ ಮೇಡಂ" ಎಂದು ಅದೇ ಹುಡುಗಿ ಒಂದು ದಿನ ಕುರ್ಚಿಯಲ್ಲಿ ಕುಸಿದಾಗ, "ಅಯ್ಯೋ, ಹಾಗಾದ್ರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ್ದು ಯಾರು?" ಎಂದು ಕೇಳಿದ್ದರು.

ಮನೆಯಲ್ಲೂ ಇದೇ ರಾಗ. ಗಂಡ ಗಡಿಯಾರ ರಿಪೇರಿ ಮಾಡುವವರು, ತಮಾಷೆಯ ಮನುಷ್ಯ. ಮದುವೆಯಾದ ಹೊಸದರಲ್ಲಿ ಪರವೂರಿಗೆ ಹೋಗಿದ್ದಾಗ, ಹೆಂಡತಿ ಓದಿದವಳು, ಮೆಚ್ಚಲಿ ಎಂದು ರಾತ್ರಿಯೆಲ್ಲ ಕೂತು ಇಂಗ್ಲಿಷಿನಲ್ಲಿ ಒಂದು ಪ್ರೇಮಪತ್ರ ಬರೆದಿದ್ದರು. ಮರುಟಪಾಲಿನಲ್ಲಿ ಅದೇ ಪತ್ರ ತಿರುಗಿ ಬಂತು, ಹನ್ನೊಂದು ಕಡೆ ಕೆಂಪು ಗೀಟು ಹೊತ್ತುಕೊಂಡು. "ಕೆಳಗೆ ಹತ್ತಕ್ಕೆ ನಾಲ್ಕು ಅಂತ ಮಾರ್ಕ್ಸೂ ಕೊಟ್ಟಿದ್ಲು" ಎಂದು ಅವರು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದರು. ಆಮೇಲಿನ ಮೂವತ್ತನಾಲ್ಕು ವರ್ಷ ಹೆಂಡತಿಗೆ ಅವರು ಒಂದು ಚೀಟಿಯನ್ನೂ ಬರೆಯಲಿಲ್ಲ. ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಆ ಕಚೇರಿಯಲ್ಲಿ ಯಾರೇ ನಿವೃತ್ತರಾದರೂ ಒಂದು ದೊಡ್ಡ ಕಾರ್ಡು ಕೊಡುವುದು ರೂಢಿ. ಎಲ್ಲರೂ ಅದರಲ್ಲಿ ಎರಡೆರಡು ಸಾಲು ಬರೆಯಬೇಕು, ಅದೂ ಇಂಗ್ಲಿಷಿನಲ್ಲೇ. ಆ ಕಾರ್ಡೂ ಮೇಡಂ ಮೇಜು ದಾಟಿಯೇ ಹೋಗುತ್ತಿತ್ತು ನೋಡಿ! ಸ್ಟೋರ್ ಕೀಪರ್ ನಿವೃತ್ತರಾದಾಗ ಹಿರಿಯ ಮೆಕ್ಯಾನಿಕ್ 'ವಿ ವಿಲ್ ಮಿಸ್ ಯು ಟೂ ಮಚ್' ಎಂದು ಬರೆದಿದ್ದ. ಮೇಡಂ ಗೀಟು ಎಳೆದೇಬಿಟ್ಟರು. "ಟೂ ಮಚ್ ಅಂದ್ರೆ ಅತಿ ಆಯ್ತು ಅಂತ. ಹೋಗೋರಿಗೆ ಹೀಗಾ ಬರೆಯೋದು?" ಹೊಸ ಕಾರ್ಡು ತರಿಸಿ ಎಲ್ಲರಿಂದ ಮತ್ತೆ ಬರೆಸಿದರು. ಎರಡನೇ ಸಲ ಮೆಕ್ಯಾನಿಕ್ ಬರೀ 'ಬೆಸ್ಟ್ ವಿಷಸ್' ಎಂದು ಗೀಚಿ ಸುಮ್ಮನಾದ.

ಈಗ ಮೇಡಂ ಸರದಿ ಬಂದಿತ್ತು. ಒಂದು ತಿಂಗಳಿಂದ ಗಂಡನ ತಲೆ ತಿನ್ನುತ್ತಿದ್ದರು.

"ನನ್ನ ಕಾರ್ಡಲ್ಲಿ ಏನು ಬರೀತಾರೋ ರೀ. ಬೈದಾದ್ರೂ ಬರೀಲಿ, ಪರವಾಗಿಲ್ಲ. ಮೂವತ್ತೊಂದು ವರ್ಷ ಇವರೆಲ್ಲ ನನ್ನ ಬಗ್ಗೆ ಏನಂದ್ಕೊಂಡಿದ್ರು ಅಂತ ನಂಗೆ ಒಂದ್ಸಲ ಗೊತ್ತಾಗ್ಬೇಕು."

ಬೀಳ್ಕೊಡುಗೆಯ ದಿನ ಮ್ಯಾನೇಜರ್ ಎದ್ದು ನಿಂತರು, ಮುಖ ಒರೆಸಿಕೊಂಡರು, "ಥ್ಯಾಂಕ್ ಯು ಮೇಡಂ" ಎಂದು ಕೂತುಬಿಟ್ಟರು. ಉಳಿದವರೂ ಒಬ್ಬೊಬ್ಬರಾಗಿ ಎದ್ದು ಅದನ್ನೇ ಒಪ್ಪಿಸಿದರು. ಹದಿನಾರು ಜನ, ನಾಲ್ಕೇ ನಿಮಿಷ. ಕೊಟ್ಟ ಚಹಾ ಇನ್ನೂ ಬಿಸಿಯಿತ್ತು. ಹೋಗಲಿ, ಕಾರ್ಡಿದೆಯಲ್ಲ ಎಂದುಕೊಂಡು ಮೇಡಂ ಅದನ್ನು ಎದೆಗವಚಿಕೊಂಡು ಮನೆಗೆ ಬಂದರು, ಚಪ್ಪಲಿಯನ್ನೂ ಬಿಡದೆ ಮೇಲೆ ಸುತ್ತಿದ್ದ ಬಣ್ಣದ ಕಾಗದ ಹರಿದರು.

ಒಳಗೆ ಹದಿನಾರು ಸಹಿಗಳಿದ್ದವು. ಸಹಿ ಬಿಟ್ಟರೆ ಒಂದಕ್ಷರವೂ ಇರಲಿಲ್ಲ.

ಗಂಡ ಇಣುಕಿ ನೋಡಿ, "ಪರವಾಗಿಲ್ವೇ! ಒಂದೂ ತಪ್ಪಿಲ್ಲ" ಎಂದು ನಕ್ಕರು. ಹೆಂಡತಿಯ ಮುಖ ನೋಡಿದ ಮೇಲೆ ನಗು ನಿಲ್ಲಿಸಿದರು.

"ಒಂದು ಸಾಲು ಬರೆಯೋಕೂ ಯಾರಿಗೂ ಏನೂ ಸಿಗಲಿಲ್ವಾ ರೀ?" ಮೇಡಂ ಕಾರ್ಡನ್ನು ತಿರುಗಿಸಿ ಹಿಂದೆಯೂ ನೋಡಿದರು.

"ಸಿಕ್ಕಿರುತ್ತೆ ಕಣೇ. ಬರೆಯೋಕೆ ಧೈರ್ಯ ಸಿಕ್ಕಿರಲ್ಲ." ಅವರು ಮೆಲ್ಲಗೆ ಸೇರಿಸಿದರು, "ನಂಗೂ ಸಿಗಲಿಲ್ಲ ನೋಡು."

ಮೇಡಂಗೆ ಆ ಹನ್ನೊಂದು ಗೀಟು ನೆನಪಾಯಿತು. ನಾಚಿಕೆಯಿಂದ ಮುಖ ಕೆಂಪಾಯಿತು. ಗಂಡನ ಮುಂದೆ ಅವರಿಗೆ ಹಾಗಾಗಿದ್ದು ಅದೇ ಮೊದಲು.

ಸೋಮವಾರ ಬೀರುವಿನ ಕೀಲಿ ಕೊಡುವ ನೆಪದಲ್ಲಿ ಮತ್ತೆ ಕಚೇರಿಗೆ ಹೋದರು. ಕೈಯಲ್ಲಿ ಕಾರ್ಡಿತ್ತು. ನೆಟ್ಟಗೆ ಹಿರಿಯ ಮೆಕ್ಯಾನಿಕ್ಕಿನ ಮುಂದೆ ಹೋಗಿ ನಿಂತರು.

"ಇಲ್ಲಿ ಬರೀರಿ."

"ಸಹಿ ಮಾಡಿದೀನಲ್ಲ ಮೇಡಂ."

"ನೋಡಿದೆ, ಚೆನ್ನಾಗಿದೆ. ಸಹಿನ ಬ್ಯಾಂಕಿಗೆ ಇಟ್ಕೊಳ್ಳಿ. ನಂಗೆ ಮಾತು ಬೇಕು."

ಮೆಕ್ಯಾನಿಕ್ ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸುತ್ತಾ ನಿಂತ. "ತಪ್ಪಾಗತ್ತೆ ಮೇಡಂ."

"ಆಗ್ಲಿ. ಸ್ಟೋರಿನವರ ಕಾರ್ಡಲ್ಲಿ ನಿಮ್ಮ ಮಾತು ಹೊಡೆದು ಹಾಕಿದ್ನಲ್ಲ, ತಪ್ಪು ಅಂದ್ರೆ ಅದು. ಅದು ಅವರಿಗೆ ತಲುಪಬೇಕಿತ್ತು."

"ಕೆಂಪು ಪೆನ್ನು ಎಲ್ಲಿ ಮೇಡಂ?" ಫೋನ್ ಹುಡುಗಿ ಅನುಮಾನದಿಂದ ಕೇಳಿದಳು.

"ಮನೇಲಿದೆ. ಬೇಕಾದ್ರೆ ಬ್ಯಾಗು ನೋಡ್ಕೋ."

ಹುಡುಗಿ ನಿಜವಾಗಿಯೂ ಬ್ಯಾಗು ತಡಕಿದಳು, ಕಿಲಾಡಿ! ಪೆನ್ನಿಲ್ಲವೆಂದು ಗಟ್ಟಿಯಾದ ಮೇಲೆ ಕಾರ್ಡು ಕೈಯಿಂದ ಕೈಗೆ ಓಡಿತು. ಹುಡುಗಿ ತನಗೆ ಇಂಥ ಒಬ್ಬ ಕಸಿನ್ ಸಿಸ್ಟರ್ ಇರಬೇಕಿತ್ತು ಎಂದು ಬರೆದಳು. ಇನ್ನು ಮೇಲೆ 'ಹೂ ವಿಲ್ ಸ್ಕೋಲ್ಡ್ ಟು ಮಿ' ಎಂದು ಮ್ಯಾನೇಜರ್ ಕೇಳಿದ್ದರು. ಮೆಕ್ಯಾನಿಕ್ ಮಾತ್ರ ಮೂಲೆಯಲ್ಲಿ ಕೂತು ಉದ್ದಕ್ಕೆ ಬರೆದ. ತನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನವೂ ಮೇಡಂ ಸಂಜೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು, ಆ ಹೊತ್ತಿಗೆ ತಾನು ಮನೆಗೆ ಹೋಗಿ ಮಕ್ಕಳಿಗೆ ಊಟ ಹಾಕಿ ಬರುತ್ತಿದ್ದೆ, ಅದನ್ನು ಸಾಯುವವರೆಗೂ ಮರೆಯುವುದಿಲ್ಲ ಎಂದು. ಮೇಡಂ ಅದನ್ನು ಎಂದೋ ಮರೆತಿದ್ದರು. ಕೊನೆಯ ಸಾಲು ಅದೇ ಹಳೆಯದು, 'ವಿ ವಿಲ್ ಮಿಸ್ ಯು ಟೂ ಮಚ್'.

ಮನೆಯಲ್ಲಿ ಗಂಡ ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕಾರ್ಡು ಪೂರ್ತಿ ಓದಿದರು.

"ಎಷ್ಟಿವೆ ತಪ್ಪು?"

"ಇಪ್ಪತ್ತೇಳು" ಎಂದರು ಮೇಡಂ, ಯೋಚನೆಯನ್ನೇ ಮಾಡದೆ. "ಒಂದನ್ನೂ ಮುಟ್ಟಲ್ಲ." ಆಮೇಲೆ ಕಾರ್ಡಿನ ಕೆಳಮೂಲೆ ತೋರಿಸಿದರು. "ಇಲ್ಲಿ ಯಾರಿಗೂ ಬರೆಯೋಕೆ ಬಿಡಲಿಲ್ಲ. ಇದು ನಿಮಗೆ."

"ಮಾರ್ಕ್ಸ್ ಕೊಡ್ತೀಯಾ?"

"ಇಲ್ಲ ರೀ."

ಗಂಡ ಭೂತಗನ್ನಡಿ ತೆಗೆದಿಟ್ಟು ಪೆನ್ನು ಹಿಡಿದರು. ಪರೀಕ್ಷೆಗೆ ಕೂತವರ ಹಾಗೆ ಎಡಗೈ ಅಡ್ಡ ಹಿಡಿದು, ಐದು ಸಾಲು ಬರೆದು, ಕಾರ್ಡನ್ನು ಹೆಂಡತಿಯ ಕಡೆ ತಳ್ಳಿದರು.

ಮೊದಲ ಪದವೇ ತಪ್ಪು. ಇಪ್ಪತ್ತೆಂಟು, ಎಂದಿತು ಮೇಡಂ ಮನಸ್ಸು. ಇಪ್ಪತ್ತೊಂಬತ್ತು. ಮೂವತ್ತು. ಮೂರನೇ ಸಾಲಿಗೆ ಕಣ್ಣು ತುಂಬಿ ಅಕ್ಷರಗಳೆಲ್ಲ ಕಲಸಿಹೋದವು, ಎಣಿಕೆ ತಪ್ಪಿತು.

"ಕಾಣ್ತಿಲ್ಲ" ಎಂದು ಕಾರ್ಡನ್ನು ಗಂಡನಿಗೇ ವಾಪಸು ಕೊಟ್ಟರು. "ನೀವೇ ಓದಿ ಹೇಳಿ."