ಹೆಗಲು ಬದಲಿಸುವ ಬಡಿತ

ಅಕ್ಕಿಆಲೂರಿನ ಭರಮಪ್ಪನ ಮನೆಯಿಂದ ಅವನ ಅಪ್ಪ ಮಾಳಪ್ಪ ಬಟ್ಟೆಗಂಟು ಕಟ್ಟಿಕೊಂಡು ಹೊರಟದ್ದು ಒಂದು ಮಾರ್ಚ್‌ನ ಸಲುವಾಗಿ. ಮಾರ್ಚ್ ಅಂದರೆ ತಿಂಗಳಲ್ಲ. ಸಿಪಾಯಿಗಳು ಹೆಜ್ಜೆ ಹಾಕುವಾಗ ಬ್ಯಾಂಡಿನವರು ನುಡಿಸುವ ಸಂಗೀತ. ಎಂಬತ್ತರ ಹತ್ತಿರದ ಮುದುಕ ಅಂಥದೊಂದಕ್ಕೆ ಮನೆ ಬಿಟ್ಟನಂತೆ ಎಂದು ಓಣಿಯವರು ನಕ್ಕರು. ಭರಮಪ್ಪನಿಗೆ ನಗು ಬರಲಿಲ್ಲ. ಆ ಮಾರ್ಚ್ ಕಟ್ಟಿದವನು ಅವನೇ.

ಭರಮಪ್ಪ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾಗಿದ್ದ. ಶಿಗ್ಗಾಂವದ ಮದುವೆ ಬ್ಯಾಂಡೊಂದರಲ್ಲಿ ಎರಡು ವರ್ಷ ಕ್ಲಾರಿನೆಟ್ ಊದಿ, ಆ ವಿದ್ಯೆಯ ಮೇಲೆಯೇ ಸೈನ್ಯದ ಬ್ಯಾಂಡಿಗೆ ಸೇರಿದವನು. ಅಲ್ಲಿ ಸ್ವರಲಿಪಿ ಬರೆಯಲು ಕಲಿತ, ಮಾರ್ಚ್ ಕಟ್ಟಲು ಕಲಿತ. ಹನ್ನೊಂದು ಕಟ್ಟಿದ. ಅದರಲ್ಲಿ ಮೂರನ್ನು ಪರೇಡಿನಲ್ಲಿ ನುಡಿಸಿದರು. ಮೂರರ ಕಾಗದದ ಮೇಲೂ ಬ್ಯಾಂಡ್ ಮಾಸ್ತರನ ಹೆಸರಿತ್ತು. ಕೇಳಲು ಹೋದಾಗ, ನಿನ್ನ ಕೆಲಸ ಊದುವುದು, ಹೋಗಿ ಊದು ಎಂದಿದ್ದ ಆ ಮನುಷ್ಯ. ಭರಮಪ್ಪ ಸಿಟ್ಟನ್ನು ನುಂಗುವವನೇ ಹೊರತು ಅರಗಿಸಿಕೊಳ್ಳುವವನಲ್ಲ. ಅಂದಿನಿಂದ ತಾನು ಬರೆದದ್ದನ್ನು ಯಾರಿಗೂ ತೋರಿಸದೆ ಪೆಟ್ಟಿಗೆಯ ತಳಕ್ಕೆ ಹಾಕುತ್ತ ಬಂದ.

ಹಾಗೆ ತಳಕ್ಕೆ ಬಿದ್ದ ಒಂದು ಮಾರ್ಚ್ ಇತ್ತು. ಅದು ಹುಟ್ಟಿದ್ದು ಕಾರ್ಗಿಲ್ಲಿನ ಗುಡ್ಡದಲ್ಲಿ, 1999ರ ಜೂನ್‌ನಲ್ಲಿ. ಯುದ್ಧ ಬಂತೆಂದರೆ ಬ್ಯಾಂಡಿನವರು ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿ ಗಾಯಾಳುಗಳನ್ನು ಹೊರುವುದು ಸೈನ್ಯದ ರೂಢಿ. ಮೊದಲ ದಿನ ಹೊಟ್ಟೆಗೆ ಗುಂಡು ತಗುಲಿದ ಹುಡುಗನೊಬ್ಬನನ್ನು ಸ್ಟ್ರೆಚರಿನಲ್ಲಿ ಭರಮಪ್ಪನೂ ಸೇರಿ ನಾಲ್ವರು ಇಳಿಸುತ್ತಿದ್ದರು. ಕಾಲ ಕೆಳಗೆ ಸಡಿಲು ಕಲ್ಲು. ನಾಲ್ವರದೂ ನಾಲ್ಕು ಥರದ ಹೆಜ್ಜೆ. ಒಂದೊಂದು ಕುಲುಕಿಗೂ ಹುಡುಗ ನರಳುತ್ತಿದ್ದ. ಆಗ ಭರಮಪ್ಪನ ಬಾಯಿಂದ ತನ್ನಷ್ಟಕ್ಕೆ ತಾನೇ ಹೊರಟಿತು: ಡಣ್, ಡಣ್, ಡಣಕು, ಡಣ್. ಉಳಿದ ಮೂವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಹೆಜ್ಜೆ ಕೂಡಿತು. ಒಂಬತ್ತು ದಿನದಲ್ಲಿ ಅವರು ಆ ಲೆಕ್ಕದ ಮೇಲೆಯೇ ಹದಿನಾಲ್ಕು ಮಂದಿಯನ್ನು ಇಳಿಸಿದರು. ಆ ಚಳಿಗಾಲದಲ್ಲಿ ಭರಮಪ್ಪ ಅದನ್ನು ನಿಧಾನಗತಿಯ ಮಾರ್ಚಾಗಿ ಬರೆದ. ಮೊದಲು ಬರೀ ಡ್ರಮ್ಮಿನ ಬಡಿತ. ಅದರ ಬೆನ್ನಿಗೆ ಒಂದೇ ಕ್ಲಾರಿನೆಟ್. ಆಮೇಲೆ ಇಡೀ ಬ್ಯಾಂಡು.

ಆ ಬಡಿತ ಎಲ್ಲಿಯದೆಂದು ಭರಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನಪ್ಪ ಮಾಳಪ್ಪ ಊರವರ ಹೆಣಗಳ ಮುಂದೆ ಚರ್ಮದ ಹಲಗಿ ಬಡಿಯುತ್ತಿದ್ದ. ಬಡಿಯುವುದು ಅವನ ಇಷ್ಟದ ಮಾತಾಗಿರಲಿಲ್ಲ. ಆ ಜಾತಿಯಲ್ಲಿ ಹುಟ್ಟಿದ್ದಕ್ಕೆ ಅದು ಅವನ ಪಾಲಿಗೆ ಬಂದಿತ್ತು. ಒಮ್ಮೆ ಅವನ ಆರು ತಿಂಗಳ ಕೂಸು ಬೆಳಿಗ್ಗೆ ತೀರಿಕೊಂಡಿತು. ಅದೇ ದಿನ ಊರ ಗೌಡರ ತಾಯಿಯೂ ತೀರಿಕೊಂಡಳು. ಕೂಸಿನ ಮಾತು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಳಪ್ಪ ಹೊತ್ತು ಇಳಿಯುವವರೆಗೆ ಗೌಡರ ಮನೆಯ ಹೆಣದ ಮುಂದೆ ಬಡಿದು ಬಂದು, ಸಂಜೆ ತನ್ನ ಕೂಸನ್ನು ತಾನೇ ಹೂಳಿದ. ಮುಂದೆ ಎಷ್ಟೋ ವರ್ಷಕ್ಕೆ, ದಸರೆಯಲ್ಲಿ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದವನೇ, ಓಣಿಯವರೆಲ್ಲ ನೋಡುತ್ತಿದ್ದಂತೆ ಹಲಗಿಯನ್ನು ಒಲೆಗೆ ಹಾಕಿದ. ಮಗ ಸೈನ್ಯದ ಬ್ಯಾಂಡಿಗೆ ಸೇರಿದಾಗ, ನನ್ನ ಮಗ ಚರ್ಮ ಬಡಿಯುವುದಿಲ್ಲ, ಇಂಗ್ಲಿಷ್ ವಾದ್ಯ ಊದುತ್ತಾನೆ ಎಂದು ಸಂತೆಯಲ್ಲಿ ಕಂಡವರಿಗೆಲ್ಲ ಹೇಳಿದ್ದ. ಸ್ಟ್ರೆಚರ್ ಹೊತ್ತ ಸಂಗತಿಯನ್ನು ಭರಮಪ್ಪ ಅಪ್ಪನಿಗೆ ಯಾವತ್ತೂ ಹೇಳಿರಲಿಲ್ಲ. ಹೆಂಡತಿ ಸುಜಾತಾಳೊಬ್ಬಳಿಗೆ ಗೊತ್ತಿತ್ತು.

ಕಾರ್ಗಿಲ್ ಯುದ್ಧಕ್ಕೆ ಇಪ್ಪತ್ತೈದು ವರ್ಷ ತುಂಬುವಾಗ ಹಾನಗಲ್ಲಿನ ಮಾಜಿ ಸೈನಿಕರು ಕೂಡಿ ಕಟ್ಟಿಕೊಂಡಿದ್ದ ವೀರ ಬಾಂಧವ ಮಂಡಳಿ ಹುತಾತ್ಮರಿಗೊಂದು ಕಲ್ಲು ನಿಲ್ಲಿಸಿತು. ಮಂಡಳಿಯ ಅಧ್ಯಕ್ಷ ಶಿದ್ಲಿಂಗಪ್ಪ ನಿವೃತ್ತ ಸುಬೇದಾರ, ಅಕ್ಕಿ ಗಿರಣಿಯ ಮನೆತನದವನು. ಸಮಾರಂಭಕ್ಕೆ ನಮ್ಮದೇ ಒಂದು ಮಾರ್ಚ್ ಇರಲಿ ಎಂದು ಅವನೇ ಭರಮಪ್ಪನಿಗೆ ಹೇಳಿ ಕಳಿಸಿದ. ಭರಮಪ್ಪ ಒಂದೇ ಷರತ್ತು ಹಾಕಿದ: ಅಚ್ಚು ಹಾಕಿಸುವ ಕಾರ್ಯಕ್ರಮ ಪತ್ರಿಕೆಯಲ್ಲಿ ತನ್ನ ಹೆಸರಿರಬೇಕು. ಶಿದ್ಲಿಂಗಪ್ಪ ಹೂಂ ಎಂದ. ನುಡಿಸಲು ಗೊತ್ತು ಮಾಡಿದ್ದು ಸವಣೂರಿನ ಮುಸ್ತಾಕನ ಬ್ಯಾಂಡನ್ನು.

ಮುಸ್ತಾಕನಿಗೂ ಭರಮಪ್ಪನಿಗೂ ಮೊದಲೇ ಆಗುತ್ತಿರಲಿಲ್ಲ. ಯಾವುದೋ ಮದುವೆಯ ದಿಬ್ಬಣದಲ್ಲಿ ಭರಮಪ್ಪ ಅವನ ಬ್ಯಾಂಡಿಗೆ ‘ಬರಾತಿನ ಗದ್ದಲ’ ಅಂದಿದ್ದ. ಅದು ಮುಸ್ತಾಕನ ಕಿವಿಗೆ ಬಿದ್ದು, ಮಾರ್ಚ್ ಕಲಿಯಲು ಬಂದ ದಿನವೂ ಅವನ ಮುಖ ಬಿಗಿದೇ ಇತ್ತು. ಆದರೂ ಇಬ್ಬರೂ ಕಸುಬುದಾರರು. ವಾದ್ಯಕ್ಕೊಂದರಂತೆ ಹದಿನಾಲ್ಕು ಹಾಳೆಗಳನ್ನು ಭರಮಪ್ಪ ಕೈಯಾರೆ ಬರೆದು ಕೊಟ್ಟ. ಮುಸ್ತಾಕನ ಮಂದಿ ಮೂರು ವಾರದಲ್ಲಿ ಕಲಿತರು.

ಕಡೆಯ ತಾಲೀಮಿಗೆ ಮಾಳಪ್ಪ ತಾನೇ ಬರುತ್ತೇನೆಂದ. ಒಗೆದ ಧೋತ್ರ ಉಟ್ಟು, ಬಿಳಿ ಟೋಪಿ ಹಾಕಿಕೊಂಡು, ಬಸ್ಸಿನಲ್ಲಿ ಮಗನ ಪಕ್ಕ ಕುಳಿತು ಹಾನಗಲ್ಲಿಗೆ ಬಂದು, ಸಭಾಭವನದ ಮುಂದಿನ ಸಾಲಿನ ಕುರ್ಚಿ ಹಿಡಿದ. ಹೊರಗೆ ಜುಲೈ ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಭರಮಪ್ಪ ಕೈ ಎತ್ತಿದ. ಡ್ರಮ್ ಶುರುವಾಯಿತು.

ನಾಲ್ಕು ಸಾಲು ಬಡಿಯುವುದರೊಳಗೆ ಮಾಳಪ್ಪ ಎದ್ದು ನಿಂತ. ಮಗನ ಕಡೆ ಒಮ್ಮೆ ನೋಡಿದವನೇ ಹೊರಗೆ ನಡೆದು ಮಳೆಗೆ ಇಳಿದ. ಅದೇ ಹೊತ್ತಿಗೆ ಶಿದ್ಲಿಂಗಪ್ಪನೂ ಕೈ ಅಡ್ಡ ಮಾಡಿ ಬ್ಯಾಂಡು ನಿಲ್ಲಿಸಿದ.

"ಭರಮಪ್ಪ, ಇದು ಹೆಣದ ಮುಂದ ಬಡಿಯೂ ಹಲಗಿ. ಸಣ್ಣಾಂವ ಇದ್ದಾಗಿಂದ ಕೇಳೇನಿ. ಹುತಾತ್ಮರ ಕಲ್ಲಿನ ಮುಂದ ಇದನ್ನ ನುಡಸ್ತಿಯೇನು?"

"ಹುತಾತ್ಮರಂದ್ರ ಸತ್ತವ್ರ ಅಲ್ಲೇನ್ರಿ, ಸಾಹೇಬ್ರ?"

ಶಿದ್ಲಿಂಗಪ್ಪನ ಮುಖ ಕೆಂಪಾಯಿತು. ರಾಗ ಇರಲಿ, ಬಡಿತ ತೆಗೆ ಎಂದ. ಬೇರೆ ಯಾವುದಾದರೂ ಮರ್ಯಾದೆಯ ಬಡಿತ ಹಾಕು ಎಂದ. ಭರಮಪ್ಪ ಆಗುವುದಿಲ್ಲವೆಂದ. ಈ ಬಡಿತ ತಾನು ಯುದ್ಧಭೂಮಿಯಿಂದ ತಂದದ್ದು ಎಂದು ಹೇಳಲು ಹೊರಟ. ಅಧ್ಯಕ್ಷ ಪೂರ್ತಿ ಹೇಳಗೊಡಲಿಲ್ಲ.

"ಪೀಪಿ ಊದಿದವ ಯುದ್ಧದ ಮಾತ ಹೇಳ್ತಾನ. ನಾವು ಕೇಳಬೇಕು."

ನಾಲ್ಕೈದು ಮಂದಿ ನಕ್ಕರು. ಆ ಗುಡ್ಡ, ಆ ಹುಡುಗನ ನರಳಾಟ, ಹೆಗಲ ಮೇಲಿನ ಬಾವು, ಎಲ್ಲ ಭರಮಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಇವರೆದುರಿಗೆ ಅದನ್ನು ಹೇಳಿಕೊಂಡರೆ ಸತ್ತ ಹುಡುಗರನ್ನು ಸಾಕ್ಷಿಗೆ ಕರೆತಂದಂತಾದೀತು ಅನಿಸಿ, ಮಾತು ಅಲ್ಲಿಗೇ ಬಿಟ್ಟು ಹೊರಗೆ ನಡೆದ.

ಮನೆಗೆ ಬಂದರೆ ಅಪ್ಪ ಗಂಟು ಕಟ್ಟುತ್ತಿದ್ದ. ಸುಜಾತಾ ಬಾಗಿಲಲ್ಲಿ ಅಡ್ಡ ನಿಂತು ಬೇಡಿಕೊಳ್ಳುತ್ತಿದ್ದಳು.

"ಭರಮ್ಯಾ," ಎಂದ ಮಾಳಪ್ಪ, ತಲೆ ಎತ್ತದೆ. "ನಾ ಸುಟ್ಟಿದ್ದನ್ನ ನೀ ಮತ್ತ ಬಡಸಾಕತ್ತಿ. ಅದೂ ಯಾರ ಮುಂದ? ಅವ್ರು ಕುರ್ಚಿ ಮ್ಯಾಲ ಕುಂತ ಕೇಳಾಕ."

ಅಲ್ಲಿ ನುಂಗಿಕೊಂಡ ಸಿಟ್ಟು ಇಲ್ಲಿ ಹೊರಬಿತ್ತು. "ನಿಂದು ಒಲ್ಯಾಗ ಸುಟ್ಟಿ. ನನ್ನ ಕಿವ್ಯಾಗಿಂದು ಹೆಂಗ ಸುಡ್ಲಿ? ಹೊಟ್ಟ್ಯಾಗ ಇದ್ದಾಗಿಂದ ಕೇಳಿಸಿದವ ನೀನ."

ಮಾಳಪ್ಪ ಗಂಟು ಬಿಗಿದ. ಬೆಳಗಿನ ಬಸ್ಸಿಗೆ ಹಿರೇಕೆರೂರಿಗೆ, ಮಗಳು ಶೈಲಾಳ ಮನೆಗೆ ಹೊರಟುಹೋದ. ಸುಜಾತಾ ಕೂಡ ಗಂಡನ ಪರವಾಗಿರಲಿಲ್ಲ. ಮುದುಕನ ಜೀವಕ್ಕಿಂತ ಒಂದಿಷ್ಟು ಡ್ರಮ್ಮಿನ ಸಪ್ಪಳ ದೊಡ್ಡದೇ ಎಂದು ಕೇಳಿದಳು. ನಿನಗೆ ತಿಳಿಯುವುದಿಲ್ಲ ಎಂದು ಭರಮಪ್ಪ ಹರಿಹಾಯ್ದ. ಅಂದಿನಿಂದ ಅವಳು ಅನ್ನ ಬಡಿಸಿದಳೇ ಹೊರತು ಮಾತಾಡಲಿಲ್ಲ.

ಅಕ್ಕಿಆಲೂರಿನ ಸಂತೆಯ ದಿನ ಮುಸ್ತಾಕ ಸ್ಕೂಟರಿನ ಮೇಲೆ ಬಂದ. ಒಳಗೆ ಕರೆದರೂ ಬರಲಿಲ್ಲ; ಕಟ್ಟೆಯ ಹತ್ತಿರ ನಿಂತೇ ಮಾತಾಡಿದ. ಅಧ್ಯಕ್ಷರು ಬಡಿತ ಬದಲಿಸಲು ಹೇಳಿದ್ದಾರೆಂದೂ ತಾನು ಒಪ್ಪಿದ್ದೇನೆಂದೂ ಹೇಳಿದ. ತಾನು ಕಸುಬಿನವನು, ಯಾರ ಸಿಟ್ಟೂ ತನಗೆ ಬೇಡ ಎಂದ. ಭರಮಪ್ಪ ಅವನನ್ನು ಬೆನ್ನಿಗೆ ಚೂರಿ ಹಾಕುವವನೆಂದು ಬೈದ. ಮುಸ್ತಾಕ ಪೂರ್ತಿ ಬೈಸಿಕೊಂಡು, ಸ್ಕೂಟರ್ ಚಾಲೂ ಮಾಡಿ ಅಂದ:

"ಹವಾಲ್ದಾರ್ ಸಾಹೇಬ್ರ, ಬೆನ್ನಿಗೆ ಹಾಕೂದಿದ್ರ ಹೇಳಾಕ ಬರ್ತಿದ್ದಿಲ್ಲ. ಇನ್ನೊಂದು ಹೇಳ್ತೇನಿ. ಬಡಿತ ತಗದ ಮ್ಯಾಲ ನಿಮ್ಮ ಮಾರ್ಚ್ ಲಗ್ನದ ಹಾಡಿನಂಗ ಕೇಳ್ತೈತಿ. ಲಗ್ನದ ಹಾಡು ನನ್ನ ಹಂತ್ಯಾಕ ಭಾಳ ಅದಾವು."

ಜುಲೈ ಇಪ್ಪತ್ತಾರರ ಬೆಳಿಗ್ಗೆ ಸಣ್ಣ ಜಿಟಿಜಿಟಿ. ಕಲ್ಲಿನ ಮುಂದೆ ಪೆಂಡಾಲು, ಹೂವಿನ ಚಕ್ರಗಳು, ಇನ್ನೂರು ಮಂದಿ. ಬಡಿತ ಹೋದರೂ ಹೆಸರಾದರೂ ಇದ್ದೀತೆಂದು ಭರಮಪ್ಪ ಕೋಟಿಗೆ ಪದಕ ಚುಚ್ಚಿಕೊಂಡು ಹೋಗಿದ್ದ. ಬಾಗಿಲಲ್ಲಿ ಯಾರೋ ಪತ್ರಿಕೆ ಕೊಟ್ಟರು. ತೆರೆದು ನೋಡಿದ. ‘ಸಂಗೀತ: ವೀರ ಬಾಂಧವ ಮಂಡಳಿ’ ಎಂದಿತ್ತು. ಅವನ ಹೆಸರು ಎಲ್ಲಿಯೂ ಇರಲಿಲ್ಲ.

ಅವನು ನೆಟ್ಟಗೆ ಬ್ಯಾಂಡು ನಿಂತಲ್ಲಿಗೆ ಹೋದ. ಮೊದಲ ಸ್ಟ್ಯಾಂಡಿನ ಮೇಲಿದ್ದ ಹಾಳೆ ತೆಗೆದುಕೊಂಡ. ಎರಡನೆಯದು. ಮೂರನೆಯದು. ವಾದ್ಯದವರು ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಶಿದ್ಲಿಂಗಪ್ಪ ವೇದಿಕೆ ಇಳಿದು ಬಿರಬಿರನೆ ಬಂದ.

"ಕಾಗದ ಅಲ್ಲೇ ಇಡು, ಭರಮಪ್ಪ. ಮಂದಿ ನೋಡಾಕತ್ತಾರ."

"ನೋಡ್ಲಿರಿ. ಇವು ನನ್ನ ಕೈಬರಹ. ಬಡಿತ ಬ್ಯಾಡ ಅಂದವ್ರಿಗೆ ರಾಗಾನೂ ಇಲ್ಲ."

ಹದಿಮೂರು ಹಾಳೆ ಕೈಗೆ ಬಂದವು. ಹದಿನಾಲ್ಕನೆಯದು ಮುಸ್ತಾಕನ ಹತ್ತಿರವಿತ್ತು. ಅವನು ಭರಮಪ್ಪನ ಮುಖ ನೋಡದೆ ಅದನ್ನು ಮಡಚಿ ಕೈಗಿಟ್ಟು, ತನ್ನವರ ಕಡೆ ತಿರುಗಿ, ಎಲ್ಲ ಬ್ಯಾಂಡಿನವರಿಗೂ ಬರುವ ಒಂದು ದೇಶಭಕ್ತಿ ಗೀತೆಗೆ ಸನ್ನೆ ಮಾಡಿದ. ಅದರ ನಾದಕ್ಕೆ ಹೂವಿನ ಚಕ್ರ ಇಟ್ಟರು. ಸಮಾರಂಭ ನಡೆದುಹೋಯಿತು. ಭರಮಪ್ಪ ಬಸ್ ನಿಲ್ದಾಣದ ಬೆಂಚಿನ ಮೇಲೆ ತೊಯ್ದ ಹಾಳೆಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತ. ಗೆದ್ದೆನೆಂದು ಅವನಿಗೆ ಅನಿಸಲಿಲ್ಲ. ಎಂಟು ದಿನದಲ್ಲಿ ಮಂಡಳಿ ಸದಸ್ಯರ ಪಟ್ಟಿಯಿಂದ ಅವನ ಹೆಸರು ತೆಗೆದುಹಾಕಿದ ಪತ್ರ ಅಂಚೆಯಲ್ಲಿ ಬಂತು. ಜೊತೆಗೆ ಚಹಾ ಕುಡಿಯುತ್ತಿದ್ದ ಇಬ್ಬರು ಮಾಜಿ ಸೈನಿಕರು ನಮಸ್ಕಾರಕ್ಕೂ ತಲೆ ಎತ್ತದಾದರು.

ಪತ್ರ ಓದಿದ ಸುಜಾತಾ ಕೊನೆಗೆ ಬಾಯಿಬಿಟ್ಟಳು. ಊರವರಿಗೆ ಹೇಳದಿದ್ದರೆ ಬೇಡ, ಗುಡ್ಡದ ಸಂಗತಿ ನಿಮ್ಮಪ್ಪನಿಗಾದರೂ ಹೇಳಿ ಬಾ ಎಂದಳು.

ಭಾನುವಾರ ಭರಮಪ್ಪ ಹಿರೇಕೆರೂರಿಗೆ ಹೋದ. ಮಾಳಪ್ಪ ಶೈಲಾಳ ಮನೆಯ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ. ಮಗನನ್ನು ಕಂಡು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಭರಮಪ್ಪ ಎದುರಿಗೆ ಕುಳಿತು ಎಲ್ಲ ಹೇಳಿದ: ಸಡಿಲು ಕಲ್ಲು, ನಾಲ್ವರ ಹೆಜ್ಜೆ, ಬಾಯಿಗೆ ಬಂದ ಬಡಿತ. ಅಪ್ಪನ ಬೆರಳು ಒಮ್ಮೆಯೂ ನಿಲ್ಲಲಿಲ್ಲ. ಕೇಳುತ್ತಿದ್ದಾನೋ ಇಲ್ಲವೋ ತಿಳಿಯದೆ ಭರಮಪ್ಪನಿಗೆ ರೇಗಿತು. ಅಷ್ಟರಲ್ಲಿ ಮಾಳಪ್ಪ ಕೇಳಿದ.

"ಎಷ್ಟು ಮಂದಿನ್ನ ಇಳಿಸಿದ್ರಿ?"

"ಹದಿನಾಲ್ಕು."

"ಬದುಕಿದವ್ರು?"

"ಹನ್ನೊಂದು."

ಮುದುಕ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದ. "ನಾ ನಾಲ್ವತ್ತು ವರ್ಷ ಬಡದೇನಿ. ನಾ ಬಡದದ್ದಕ್ಕ ಒಬ್ಬನೂ ಬದುಕಲಿಲ್ಲ."

ಒಳಗೆ ಶೈಲಾ ಪಾತ್ರೆ ಸಪ್ಪಳ ನಿಲ್ಲಿಸಿದಳು. ಇನ್ನೊಂದು ಗಡ್ಡೆ ಕೈಗೆತ್ತಿಕೊಂಡು ಮಾಳಪ್ಪ ಗಡುಸಾಗಿಯೇ ಅಂದ: "ನಿನ್ನ ಮೂರನೇ ಪೆಟ್ಟು ತಡಾ ಐತಿ. ಅವತ್ತ ಸಿಟ್ಟಿಲೇ ಎದ್ದೆ, ಖರೆ. ಆದ್ರ ಅದೂ ಕಿವಿಗೆ ಚುಚ್ಚಿತ್ತು."

"ತಡಾ ಹೆಂಗ?"

"ಅದು ಅಳಾಕ ಬಡಿಯೂ ಬಡಿತ ಅಲ್ಲ. ಹೊತ್ತವ್ರು ಹೆಗಲ ಬದಲಿ ಮಾಡೂ ಮುಂದ ಬಡಿಯೂದು. ಒಬ್ಬ ಸರದು ಇನ್ನೊಬ್ಬ ಹೆಗಲ ಕೊಡ್ತಾನಲ್ಲ, ಅವನ ಕಾಲ ನೆಲಕ್ಕ ಹತ್ತೂದ್ರೊಳಗ ಮೂರನೇದ್ದು ಬೀಳಬೇಕು. ತಡಾ ಆತಂದ್ರ ಮುಗ್ಗರಸ್ತಾರ."

ಬಡಿದು ತೋರಿಸು ಎಂದು ಭರಮಪ್ಪ ಮುಂದಿದ್ದ ತಟ್ಟೆಯನ್ನು ಸರಿಸಿದ. ಮಾಳಪ್ಪ ತಟ್ಟೆಯನ್ನು ಹಾಗೇ ಹಿಂದಕ್ಕೆ ನೂಕಿದ. ಕೈಯಿಂದ ಬಡಿಯುವುದು ಮುಗಿದಿದೆ ಎಂದ. ಬಾಯಲ್ಲಿ ಮಾತ್ರ ಎರಡು ಸಲ ಹೇಳಿದ: ಡಣ್, ಡಣ್‌ಡಣಕು, ಡಣ್. ಮಗ ಎರಡು ಸಲವೂ ತಪ್ಪಾಗಿ ತಿರುಗಿ ಹೇಳಿದ. ಮೂರನೆಯ ಸಲ ಸರಿಯಾಯಿತು. ಮನೆಗೆ ಬಾ ಎಂದು ಕರೆದರೆ ಮಾತ್ರ ಮಾಳಪ್ಪ ಒಲ್ಲೆನೆಂದ. ಆ ಮಾರ್ಚ್ ಇರುವ ಮನೆಯಲ್ಲಿ ಅಂದು ಹೂಳಿದ ತನ್ನ ಕೂಸಿನ ನೆನಪಿಗೆ ಜಾಗವಿಲ್ಲ ಎಂದ. ಭರಮಪ್ಪನಿಗೆ ಆ ಮಾತು ಎದೆಗೆ ನಾಟಿತು. ಆದರೂ ಮಾರ್ಚನ್ನು ಸುಟ್ಟುಬಿಡುತ್ತೇನೆ ಎಂದು ಅವನ ಬಾಯಿಂದ ಹೊರಡಲಿಲ್ಲ.

ಊರಿಗೆ ಬಂದವನೇ ಹದಿನಾಲ್ಕು ಹಾಳೆಗಳನ್ನೂ ಹೊಸದಾಗಿ ಬರೆದ. ಆ ಒಂದು ಪೆಟ್ಟು ಮುಂದೆ ಸರಿದದ್ದಕ್ಕೆ ಕ್ಲಾರಿನೆಟ್ ಬರುವ ಜಾಗವೂ ಬದಲಾಯಿತು. ಡಿಸೆಂಬರಿನಲ್ಲಿ ಮುಸ್ತಾಕನೇ ಮತ್ತೆ ಬಂದ. ಗಣರಾಜ್ಯ ದಿನಕ್ಕೆ ಶಿಗ್ಗಾಂವದಲ್ಲಿ ಮೆರವಣಿಗೆಯೊಂದಕ್ಕೆ ತನ್ನ ಬ್ಯಾಂಡಿದೆ, ಈ ಸಲ ತನಗೆ ಹೇಳುವವರು ಯಾರೂ ಇಲ್ಲ, ಹಾಳೆ ಕೊಡು ಎಂದ. ಭರಮಪ್ಪ ಒಂದು ವಾರ ಸತಾಯಿಸಿ ಕೊಟ್ಟ.

ಮುಸ್ತಾಕ ಅದನ್ನು ಶಿಗ್ಗಾಂವದ ಬೀದಿಯಲ್ಲಿ ಪೂರ್ತಿ ನುಡಿಸಿದ. ನುಡಿಸುವ ಮೊದಲು, ಇದನ್ನು ಕಟ್ಟಿದವರು ಅಕ್ಕಿಆಲೂರಿನ ಹವಾಲ್ದಾರ್ ಭರಮಪ್ಪ ಎಂದು ಮೈಕಿನಲ್ಲಿ ಎರಡು ಸಲ ಹೇಳಿದ. ಮೆರವಣಿಗೆ ಮುಗಿದ ಮೇಲೆ ಇಬ್ಬರೂ ಚಹಾದಂಗಡಿಯ ಮುಂದೆ, ಗತಿ ಜೋರಾಯಿತು, ಇಲ್ಲ ಸರಿಯಿತ್ತು ಎಂದು ಮಂದಿ ಸೇರುವಷ್ಟು ಕೂಗಾಡಿದರು. ಆಮೇಲೂ ಅವರಿಬ್ಬರಲ್ಲಿ ಗೆಳೆತನವೇನೂ ಬೆಳೆಯಲಿಲ್ಲ. ಶಿದ್ಲಿಂಗಪ್ಪ ಇಂದಿಗೂ ಎದುರಾದರೆ ರಸ್ತೆಯ ಆ ಬದಿಗೆ ದಾಟುತ್ತಾನೆ.

ಶೈಲಾ ಅವತ್ತು ಶಿಗ್ಗಾಂವಕ್ಕೆ ಬಂದು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿದ್ದಳು. ಮರುದಿನ ಅಪ್ಪನ ಮುಂದೆ ಅದನ್ನು ಹಚ್ಚಿದಾಗ ಮುದುಕ ಕಣ್ಣು ಮುಚ್ಚಿ ಡ್ರಮ್ಮಿನ ಭಾಗವಷ್ಟನ್ನೂ ಕೇಳಿದನಂತೆ. ಕ್ಲಾರಿನೆಟ್ ಶುರುವಾಗುತ್ತಲೇ ಕಣ್ಣು ಬಿಟ್ಟನಂತೆ.

"ಈಗ ಸರಿ ಬಿದ್ದೈತಿ," ಅಂದನಂತೆ. "ಆದ್ರ ನಾ ಕೇಳೂದಿಲ್ಲ. ಬಂದ್ ಮಾಡು."