ಬೆನಕಪ್ಪ ಕೊಂಡ ಹಳೇ ಹಾಯಿದೋಣಿ

ಆ ಭಾನುವಾರ ಬೆನಕಪ್ಪ ಬೆಳಿಗ್ಗೆಯಿಂದ ಗಾಡಿ ಕೊಟ್ಟಿಗೆ ಬಿಟ್ಟು ಅಲ್ಲಾಡಲಿಲ್ಲ. ದೋಣಿಗೆ ಬಣ್ಣ ಹಚ್ಚುತ್ತಿದ್ದ. ಲಾರಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣ. ಹೆಂಡತಿ ರುದ್ರಾಣಿ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ, ಎರಡು ಸಲ ಕರೆದಳು. ಅವನು ಬರಲಿಲ್ಲ. ಮೂರನೇ ಸಲ ತಟ್ಟೆಯನ್ನೇ ತಂದು ದೋಣಿಯ ಅಡ್ಡಹಲಗೆಯ ಮೇಲೆ ಇಟ್ಟಳು.

"ಉಣ್ರೀ. ಬಣ್ಣದ ವಾಸನೆ ಕುಡಿದ್ರೆ ಹೊಟ್ಟೆ ತುಂಬಲ್ಲ."

"ಇಲ್ಲಿ ನೋಡೇ. ಸಂದು ಬಿಟ್ಟೈತೆ." ಎರಡು ಹಲಗೆಗಳ ನಡುವೆ ಬೆರಳು ತೂರಿಸಿ ತೋರಿಸಿದ. ಕಿರುಬೆರಳಿನ ತುದಿ ಹೋಯಿತು. "ಹೋದ ತಿಂಗ್ಳು ಇಷ್ಟು ಇರ್ಲಿಲ್ಲ."

"ಬಿಸಿಲಿಗೆ ಬಿಟ್ಟಿರಬೇಕು."

"ಬಿಸಿಲು ಎಲ್ಲಿ ಬಿದ್ದೈತೆ? ಬಾಣಂತಿ ಕೂಸು ಇಟ್ಟಂಗೆ ಇಟ್ಟೀನಿ."

ಪಡಸಾಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ಅಜ್ಜಮ್ಮ ಕೇಳಿಸುವಂತೆಯೇ ಹೇಳಿದಳು. "ಜಗಳೂರಾಗೆ ಕುಡಿಯಾಕೆ ನೀರಿಲ್ದೆ ಬೆಳೆದೋನು. ಈಗ ತೇಲಾಕೆ ಬೇಕಂತೆ."

"ಅದಕ್ಕೇ ಬೇಕು ಕಣವ್ವ," ಎಂದ ಬೆನಕಪ್ಪ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಬೆರಳ ಹಸಿರು ರೊಟ್ಟಿಗೂ ಹತ್ತಿತು. "ಮಳೆ ಹಿಡಿಯೋದ್ರಾಗೆ ಕೆರೆಗೆ ಇಳಿಸ್ತೀನಿ. ಈ ದಂಡೆಯಿಂದ ಆ ದಂಡೆಗೆ ಹೋಗಿ ಉಂಡು ಬರಾಣ. ನೀನು ಬುತ್ತಿ ಕಟ್ಟು ಸಾಕು."

"ಗಾಳಿ ಬೀಸ್ದಿದ್ರೆ?"

"ನೀನು ಬೈತಾ ಕೂತ್ಕೋ. ಆ ಗಾಳಿಗೇ ಹೋಗ್ತೈತೆ."

ಅವಳು ನಗಲಿಲ್ಲ. ತಟ್ಟೆ ತೆಗೆದುಕೊಂಡು ಒಳಗೆ ಹೋಗಿ ನಕ್ಕಳು. ಆ ದಿನ ನಡೆದದ್ದು ಇಷ್ಟೇ.

ಬೆನಕಪ್ಪ ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಲಾರಿ ಡ್ರೈವರ್. ಹುಟ್ಟಿದ್ದು ಜಗಳೂರು ಕಡೆಯ ಹಳ್ಳಿಯಲ್ಲಿ. ಈಜು ಬಾರದು. ಕೆಲಸ ಸಿಕ್ಕಿದ ಮೇಲೆ ಚನ್ನಗಿರಿಯಲ್ಲೇ ಮನೆ ಮಾಡಬಹುದಿತ್ತು. ಆದರೆ ಕೆರೆಬಿಳಚಿಗೆ ಬಂದ. ಸೂಳೆಕೆರೆ ಹತ್ತಿರ ಐತಲ್ಲ, ಅಂದ. ಒಂದು ಸಲ ಮಾಲು ಇಳಿಸಲು ಕರಾವಳಿಗೆ ಹೋಗಿದ್ದಾಗ ಗಂಡ, ಹೆಂಡತಿ, ಮಕ್ಕಳು ಒಂದೇ ದೋಣಿಯಲ್ಲಿ ಕೂತು, ಹಾಯಿ ಬಿಚ್ಚಿ ಸುಮ್ಮನೆ ಸುತ್ತುವುದನ್ನು ನೋಡಿದ್ದ. ಮೀನು ಹಿಡಿಯಲು ಅಲ್ಲ, ದಾಟಲು ಅಲ್ಲ. ಸುಮ್ಮನೆ. ಅದನ್ನು ರುದ್ರಾಣಿಗೆ ನೂರು ಸಲ ಹೇಳಿದ್ದ.

ದೋಣಿ ಸಿಕ್ಕಿದ್ದು ಹೊನ್ನಾಳಿ ಕಡೆ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ. ಅಲ್ಲಿಗೆ ಸೇತುವೆ ಬಂದಿತ್ತು. ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದ ಇಮಾಮ್‌ಸಾಬ್‌ಗೆ ಕೆಲಸ ನಿಂತಿತ್ತು. ಎಂಬತ್ತೊಂದನೇ ಇಸವಿ, ಸಂಕ್ರಾಂತಿ ಕಳೆದಿತ್ತು. ನ್ಯಾಮತಿಯ ತವರಿನಿಂದ ಹೆಂಡತಿಯನ್ನು ಕರೆದುಕೊಂಡು ಬರುವಾಗ ಬೆನಕಪ್ಪ ಅವಳನ್ನು ನೇರ ಅಲ್ಲಿಗೇ ಕರೆದೊಯ್ದ.

ಲಾರಿ ನೋಡುವಂತೆಯೇ ದೋಣಿಯನ್ನು ನೋಡಿದ. ಮಂಡಿಯೂರಿ ಅಡಿಗೆ ಬಗ್ಗಿದ. ಹಲಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದ.

"ಎಷ್ಟು ಸಲ ರಿಪೇರಿ ಆಗೈತ್ರೀ ಸಾಬ್ರೆ?"

"ನನ್ನ ಕಾಲ್ದಾಗೆ ಎರಡು ಸಲ. ನಮ್ಮಪ್ಪನ ಕಾಲದ್ದು ಕೇಳಬ್ಯಾಡ್ರಿ."

"ಬ್ರೇಕ್ ಎಲ್ಲೈತೆ?"

"ಬ್ರೇಕ್ ಅಲ್ಲಾನ ಕೈಯಾಗೆ ಐತೆ. ಹಾರನ್ ನಾನೇ ಹೊಡೀತಿದ್ದೆ."

ಇಬ್ಬರೂ ನಕ್ಕರು. ಆಮೇಲೆ ಇಮಾಮ್‌ಸಾಬ್ ನಗು ನಿಲ್ಲಿಸಿದ. "ಮನೆಯಾಕೆ ಒಪ್ಪಿದ್ರೆ ಕೊಡ್ತೀನಿ. ಇದ್ರಾಗೆ ನನ್ನ ಮದ್ವೆ ದಿಬ್ಬಣ ಹೋಗೈತೆ. ನಮ್ಮ ಮನೆ ಮಂದಿ ಎಲ್ಲ ಕೂತು ಓಡಾಡಿದ ದೋಣಿ. ಕೂತ್ಕಳ್ಳವ್ವ ತಂಗಿ, ನೋಡು."

ದೋಣಿ ದಂಡೆಯ ನೀರಿನಲ್ಲಿ ಸ್ವಲ್ಪ ಆಡುತ್ತಿತ್ತು. ರುದ್ರಾಣಿ ಹೆದರಿ ಕೂತಳು.

"ಎಂಟು ಮಂದಿ ಹಿಡಿತೈತೆ," ಎಂದ ಇಮಾಮ್‌ಸಾಬ್.

"ನಾವು ಮೂರೇ ಮಂದಿ," ಎಂದಳು ರುದ್ರಾಣಿ. ಅವಳಿಗೆ ಮಕ್ಕಳಾಗಿರಲಿಲ್ಲ.

ಬೆನಕಪ್ಪ ತಕ್ಷಣ ಹೇಳಿದ. "ಉಳಿದ ಜಾಗ ಕಾಲು ಚಾಚಾಕೆ."

ಅವಳು ಒಪ್ಪಿದಳು. ದೋಣಿಗಾಗಿ ಅಲ್ಲ, ಆ ಮಾತಿಗಾಗಿ.

ದೋಣಿಯನ್ನು ಲಾರಿಯಲ್ಲಿ ತಂದರು. ಕೊಟ್ಟಿಗೆಯಲ್ಲಿ ಇಟ್ಟಿಗೆ ಜೋಡಿಸಿ ಅದರ ಮೇಲೆ ಕೂರಿಸಿದರು. ಹಾಯಿಗೆಂದು ಲಾರಿಯ ಹಳೇ ಟಾರ್ಪಾಲು ಕತ್ತರಿಸಿ ರುದ್ರಾಣಿಯೇ ದಬ್ಬಣದಲ್ಲಿ ಹೊಲಿದಳು. ಹಾಯಿ ಕಟ್ಟುವ ಕಂಬ ಸಿಗುವುದು ತಡವಾಯಿತು. ಹಾಗೆ ಹೀಗೆ ಅನ್ನುವುದರಲ್ಲಿ ಬೇಸಿಗೆ ಬಂತು.

ಬಣ್ಣ ಹಚ್ಚಿದ ಆ ಭಾನುವಾರ ಕಳೆದು ಸೋಮವಾರ ಬೆನಕಪ್ಪ ಅಡಿಕೆ ಚೀಲ ತುಂಬಿಕೊಂಡು ಶಿವಮೊಗ್ಗಕ್ಕೆ ಹೊರಟ. ದಾರಿಯಲ್ಲಿ ಎದೆ ನೋವು ಬಂದಿರಬೇಕು. ಲಾರಿಯನ್ನು ರಸ್ತೆ ಬಿಟ್ಟು ಮರದ ಕೆಳಗೆ ತಂದು, ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ಮೇಲೆ ತಲೆಯಿಟ್ಟಿದ್ದ. ನೋಡಿದವರು ಮಲಗಿದ್ದಾನೆ ಅಂದುಕೊಂಡರು. ನಲವತ್ತನಾಲ್ಕು ವರ್ಷ. ಒಂದು ಚೀಲವೂ ಬಿದ್ದಿರಲಿಲ್ಲ ಎಂದು ಮಂಡಿಯವರು ಬಂದು ಹೇಳಿದರು. ರುದ್ರಾಣಿ ಆ ಮಾತು ಕೇಳಿಯೇ ಅತ್ತಳು.

ಮಣ್ಣು ಮಾಡಿ ಎರಡು ತಿಂಗಳಾಗಿತ್ತು. ಮೈದುನ ಗೋಣೆಪ್ಪ ಜಗಳೂರಿನಿಂದ ಬಂದ. ಕೊಟ್ಟಿಗೆ ಹೊಕ್ಕು ದೋಣಿ ಸುತ್ತ ಎರಡು ಸುತ್ತು ಹಾಕಿದ.

"ಅತ್ಗೆ, ಹಲಗೆ ಚಲೋ ಅದಾವೆ. ನಮ್ಮ ಮನೆ ಅಟ್ಟಕ್ಕೆ ಆಗ್ತಾವೆ. ಗುರುವಾರ ಬಡಿಗೇರನ್ನ ಕರ್ಕೊಂಡು ಬರ್ತೀನಿ."

"ಇದು ದೋಣಿ."

"ಎಲ್ಲಿ ದೋಣಿ? ಜಲ್ಲಡಿ ಇದ್ದಂಗೈತೆ. ಇದ್ರಾಗೆ ರಾಗಿ ಹಿಟ್ಟು ಸೋಸಬೋದು."

ಸುಳ್ಳಲ್ಲ. ಈ ಕಡೆ ನಿಂತರೆ ಆ ಕಡೆಯ ಬೆಳಕು ಕಾಣುತ್ತಿತ್ತು. ರುದ್ರಾಣಿ ಓದಿದ್ದು ಮೂರನೇ ಇಯತ್ತೆ. ಅಂದೇ ಕಾರ್ಡು ತರಿಸಿ ಬರೆದಳು. "ಸಾಬರಿಗೆ ನಮಸ್ಕಾರ. ನಮ್ಮವರು ಹೋದರು. ದೋಣಿ ಬಿರುಕು ಬಿಟ್ಟಿದೆ. ಗುರುವಾರದೊಳಗೆ ಬನ್ನಿ." ಅವಳಿಗೆ ಬೇಕಿದ್ದದ್ದು ಒಂದೇ. ಅವನು ಕೊಂಡ ದೋಣಿ ಒಂದು ಸಲವಾದರೂ ನೀರಿನ ಮೇಲೆ ನಿಲ್ಲಬೇಕು.

ಇಮಾಮ್‌ಸಾಬ್ ಬುಧವಾರವೇ ಬಂದ. ಬೆನಕಪ್ಪನ ಪಟದ ಮುಂದೆ ಟೋಪಿ ಸರಿಮಾಡಿಕೊಂಡು ನಿಂತ. ಆಮೇಲೆ ಕೊಟ್ಟಿಗೆಗೆ ಬಂದು ದೋಣಿ ನೋಡಿದ. ಬಾಯಿಗೆ ಕೈಯಿಟ್ಟುಕೊಂಡ.

"ಕೊಂಡಾಗಿನಿಂದ ಇಲ್ಲೇ ಇತ್ತೇನವ್ವ?"

"ಹ್ಞೂಂ. ಒಂದು ಹನಿ ನೀರು ತಾಕದಂಗೆ ನೋಡ್ಕೊಂಡೀವಿ," ಎಂದಳು ರುದ್ರಾಣಿ.

ಇಮಾಮ್‌ಸಾಬ್ ನೆಲಕ್ಕೆ ಕುಕ್ಕರಿಸಿದ. "ಅಯ್ಯೋ ನಮ್ಮವ್ವ. ದೋಣಿಗೆ ನೀರೇ ಅನ್ನ. ಒಣಗಿದ್ರೆ ಹಲಗೆ ಕುಗ್ತಾವೆ, ಸಂದು ಬಿಡ್ತಾವೆ. ನೆನೆದ್ರೆ ಉಬ್ಬಿ ಕೂಡ್ಕಂತಾವೆ. ಇದನ್ನ ಎತ್ತಿನ ಗಾಡಿ ಇಟ್ಟಂಗೆ ಇಟ್ಟೀರಲ್ಲ."

"ನೀವು ಹೇಳ್ಲಿಲ್ಲ."

"ಹೊಳೆ ದಂಡೆಯಾಗೆ ಇದನ್ನ ಯಾರೂ ಯಾರಿಗೂ ಹೇಳಲ್ಲ ತಂಗಿ. ಗೊತ್ತಿಲ್ದೋರು ಇರ್ತಾರೆ ಅಂತ ನಂಗೆ ಹೊಳೀಲೇ ಇಲ್ಲ."

ಜಗಳೂರಿನವನಿಗೆ ಹೇಗೆ ಗೊತ್ತಾಗಬೇಕು. ಮರದ ಸಾಮಾನು ನೆನೆಯಬಾರದು ಎಂದು ಕೇಳಿ ಬೆಳೆದವನು. ಮಳೆ ಹನಿ ಬಿದ್ದರೆ ಎದ್ದು ಹೋಗಿ ಗೋಣಿ ಹೊದಿಸುತ್ತಿದ್ದ. ಅಷ್ಟು ಜೋಪಾನ ಮಾಡಿಯೇ ಕೆಡಿಸಿದ್ದ. ಅವನಿಗೆ ಇದು ತಿಳಿಯದೇ ಹೋದದ್ದೇ ಒಳ್ಳೆಯದಾಯಿತು ಅಂದುಕೊಂಡಳು ರುದ್ರಾಣಿ.

"ಈಗ ಏನು ಮಾಡ್ಬೇಕು?"

"ಕಲ್ಲು ಹೇರಿ ಕೆರೆಯಾಗೆ ಮುಳುಗಿಸ್ಬೇಕು. ಮೂರು ವಾರ."

"ಆಗಲ್ಲ," ಎಂದಳು. "ಅವರನ್ನ ಮಣ್ಣಾಗೆ ಇಟ್ಟಾಯ್ತು. ಇದನ್ನ ನೀರಾಗೆ ಇಡು ಅಂತೀರಿ."

"ಮಣ್ಣಿಗೆ ಹೋದದ್ದು ಎದ್ದು ಬರಲ್ಲವ್ವ. ಇದು ಬರ್ತೈತೆ."

ಬಾಗಿಲಲ್ಲಿ ನಿಂತಿದ್ದ ಅಜ್ಜಮ್ಮ ಬಾಯಿಬಿಟ್ಟಳು. "ಮುಳುಗಿಸೇ. ಅಟ್ಟದ ಮ್ಯಾಲೆ ಈರುಳ್ಳಿ ಇಡಾಕೆ ನನ್ನ ಮಗ ಇದನ್ನ ತರ್ಲಿಲ್ಲ."

ಗುರುವಾರ ಗೋಣೆಪ್ಪ ಬಡಿಗೇರನೊಂದಿಗೆ ಬಂದಾಗ ರುದ್ರಾಣಿ ಹೇಳಿದಳು. "ಮೂರು ವಾರ ತಡೆಯಪ್ಪ. ತೇಲ್ದಿದ್ರೆ ಹಲಗೆ ನಿಂದು. ಈಗ ಒಂದು ಕೈ ಹಿಡಿ."

ಗಾಡಿ ಮೇಲೆ ಹೇರಿ ಕೆರೆಗೆ ಒಯ್ದರು. ಸೊಂಟದ ಮಟ್ಟದ ನೀರಿನಲ್ಲಿ ಇಳಿಸಿ ಕಲ್ಲು ತುಂಬಿದರು. ಹಸಿರು ಬಣ್ಣ ನೀರಿನೊಳಗೆ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಕಾಣಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸರು, ಗಂಡ ಹೋದ ಮೇಲೆ ಇವಳಿಗೆ ತಲೆ ಕೆಟ್ಟಿದೆ ಎಂದು ಮಾತಾಡಿಕೊಂಡರು. ಅವಳಿಗೆ ಕೇಳಿಸಿತು.

ಮೂರು ವಾರ ಅವಳು ಸರಿಯಾಗಿ ಉಣ್ಣಲಿಲ್ಲ.

ಎತ್ತುವ ದಿನ ಇಮಾಮ್‌ಸಾಬ್ ಮತ್ತೆ ಬಂದ. ಅವನೂ ಗೋಣೆಪ್ಪನೂ ಕಲ್ಲು ತೆಗೆದು, ನೀರು ಮೊಗೆದು ಚೆಲ್ಲಿದರು. ದೋಣಿ ಮೆಲ್ಲಗೆ ಎದ್ದಿತು. ರುದ್ರಾಣಿ ಬಗ್ಗಿ ಸಂದುಗಳ ಮೇಲೆ ಬೆರಳಾಡಿಸಿದಳು. ಉಗುರು ಕೂಡ ಹೋಗಲಿಲ್ಲ. ತಳದಲ್ಲಿ ಮಾತ್ರ ಒಂದಿಷ್ಟು ನೀರು ಜಿನುಗುತ್ತಿತ್ತು.

"ವಯಸ್ಸಾದದ್ದು, ಅಷ್ಟು ಜಿನುಗ್ತೈತೆ," ಎಂದ ಇಮಾಮ್‌ಸಾಬ್. "ನನ್ನ ಕಣ್ಣೂ ಹಂಗೇ."

ಅಜ್ಜಮ್ಮನೂ ಸೇರಿ ನಾಲ್ವರೂ ಕೂತರು. ಕಂಬಕ್ಕೆ ಕಟ್ಟಿದ ಟಾರ್ಪಾಲು ಬಿಚ್ಚಿದಾಗ ಪಟಪಟ ಹೊಡೆದುಕೊಂಡಿತು, ಆಮೇಲೆ ಗಾಳಿ ತುಂಬಿ ಸುಮ್ಮನಾಯಿತು. ದೋಣಿ ಹೊರಟಿತು. ಗೋಣೆಪ್ಪ ಎರಡೂ ಕೈಯಲ್ಲಿ ಅಡ್ಡಹಲಗೆ ಹಿಡಿದು ಕಣ್ಣು ಮುಚ್ಚಿದ್ದ.

"ಹಲಗೆ ಗಟ್ಟಿ ಹಿಡ್ಕಂಡೀಯಲ್ಲೋ," ಎಂದಳು ಅಜ್ಜಮ್ಮ. "ಈಗಲೇ ಒಯ್ತೀಯೇನು?"

"ಬ್ಯಾಡವ್ವ, ನಿಮಗೇ ಇರ್ಲಿ. ದಂಡೆಗೆ ಬಿಟ್ರೆ ಸಾಕು."

ನಡುನೀರಿನಲ್ಲಿ ರುದ್ರಾಣಿ ಕಾಲು ಚಾಚಿದಳು. ಪಕ್ಕದಲ್ಲಿ ಜಾಗ ಖಾಲಿ ಇತ್ತು. ಅದರ ಮೇಲೆ ಕೈಯಿಟ್ಟುಕೊಂಡು ಕೂತಳು.

ಆ ದೋಣಿಯನ್ನು ಅವಳು ಯಾರಿಗೂ ಕೊಡಲಿಲ್ಲ. ಮತ್ತೆ ಕೊಟ್ಟಿಗೆಗೂ ತರಲಿಲ್ಲ. ಕೆರೆ ದಂಡೆಯಲ್ಲಿ ಗೂಟಕ್ಕೆ ಕಟ್ಟಿದ್ದಾಳೆ. ರಾತ್ರಿಯೆಲ್ಲ ಜಿನುಗಿ ತಳದಲ್ಲಿ ನೀರು ನಿಲ್ಲುತ್ತದೆ. ಬೆಳಿಗ್ಗೆ ಎದ್ದು, ಅಂಗಳ ಗುಡಿಸಿ, ಅತ್ತೆಗೆ ಚಾ ಕಾಸಿಕೊಟ್ಟು, ರುದ್ರಾಣಿ ಡಬ್ಬಿ ಹಿಡಿದು ಹೋಗುತ್ತಾಳೆ. ಸೀರೆ ಎತ್ತಿ ಕಟ್ಟಿ ದೋಣಿಗೆ ಇಳಿಯುತ್ತಾಳೆ. ನೀರು ಮೊಗೆದು ಹೊರಗೆ ಚೆಲ್ಲುತ್ತಾಳೆ. ಪೂರ್ತಿ ಚೆಲ್ಲುವುದಿಲ್ಲ. ಹಲಗೆ ಒದ್ದೆಯಾಗಿರುವಷ್ಟು ಉಳಿಸುತ್ತಾಳೆ.