ಭಾವನ ಸಹಿಯ ಬಡ್ಡಿ

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಬಿಡಿಸಿದವರು ಯಾರೂ ಇಲ್ಲ. ಭದ್ರಾವತಿಯ ಒಂದು ಲೇತ್ ಶೆಡ್ಡಿನಲ್ಲಿ ಕಬ್ಬಿಣ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವುದನ್ನು ನೋಡಿದ ಮೇಲೆ ಮಗ್ಗಿ ರುಚಿಸಲಿಲ್ಲ, ಅಷ್ಟೆ. ಮುಂದೆ ಅಂಥದ್ದೇ ಶೆಡ್ಡು ನನ್ನದೂ ಆಯಿತು. ಹೊಳೆಹೊನ್ನೂರು ಕಡೆಯ ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಕಬ್ಬಿನ ಗಾಣದ ರೋಲರು ಎಲ್ಲ ಸೊಟ್ಟಗೆ ಬಂದು ನೆಟ್ಟಗೆ ಹೋಗಿದ್ದು ನನ್ನ ಕೈಯಿಂದಲೇ. ಬಾಗಿಲ ಮೇಲೆ ‘ನಗದು ಇವತ್ತು, ಸಾಲ ನಾಳೆ’ ಎಂದು ಬರೆಸಿದ್ದೆ. ನಾನೂ ಯಾರ ಬಾಗಿಲಿಗೂ ಹೋಗಿ ಆ ನಾಳೆಯನ್ನು ಕೇಳಿದವನಲ್ಲ.

ತೊಂಬತ್ತರ ದಶಕದ ಕೊನೆಗೆ ಮಗಳಿಗೆ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಇನ್ಫರ್ಮೇಶನ್ ಸೈನ್ಸ್ ಸೀಟು ಸಿಕ್ಕಿತು. ಆಗ ಊರಿಗೆ ಊರೇ ಅರ್ಥಶಾಸ್ತ್ರಜ್ಞರಿಂದ ತುಂಬಿ ಹೋಗಿತ್ತು. ಕ್ಷೌರದಂಗಡಿಯಲ್ಲಿ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತವರು ಡಾಲರನ್ನು ರೂಪಾಯಿಗೆ ಗುಣಿಸುತ್ತಿದ್ದರು. ಕಂಪ್ಯೂಟರನ್ನು ಹತ್ತಿರದಿಂದ ಕಂಡಿರದವರೂ ಅದು ತಿಂಗಳಿಗೆ ಎಷ್ಟು ಕೊಡುತ್ತದೆಂದು ಎಮ್ಮೆಯ ಹಾಲಿನ ಲೆಕ್ಕ ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದರು.

ನನ್ನ ಲೆಕ್ಕ ಬೇರೆ. ಯಂತ್ರ ಕೊಂಡರೆ ಅದು ತನ್ನ ಬೆಲೆಯನ್ನು ತಾನೇ ದುಡಿದು ಕೊಡಬೇಕು, ಕೊಟ್ಟ ಮೇಲೂ ಅದರಲ್ಲಿ ಜೀವ ಉಳಿದಿರಬೇಕು. ನಾಲ್ಕು ವರ್ಷದ ಫೀಸು, ಪುಸ್ತಕ, ಬಸ್ಸು ಎಲ್ಲ ಕೂಡಿದರೆ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಲೇತಿನ ಬೆಲೆ ಮೀರುತ್ತಿತ್ತು. ಲೇತಾದರೆ ಕೊಳ್ಳುವ ಮೊದಲು ಓಡಿಸಿ ಸದ್ದು ಕೇಳಬಹುದು. ಡಿಗ್ರಿಯನ್ನು ಓಡಿಸಿ ನೋಡುವುದು ಹೇಗೆ? ಬ್ಯಾಂಕಿನ ಮ್ಯಾನೇಜರನ್ನು ಅದನ್ನೇ ಕೇಳಿದೆ.

“ಡಿಗ್ರಿಗೆ ವಾರಂಟಿ ಇಲ್ಲ ಯಜಮಾನ್ರೇ,” ಎಂದರು. “ಸಾಲಕ್ಕೆ ಇದೆ. ಅದು ಕೆಟ್ಟು ನಿಲ್ಲಲ್ಲ.”

ಆಮೇಲೆ ನನ್ನ ಸ್ಯಾಲರಿ ಸ್ಲಿಪ್ ಕೇಳಿದರು. ನನಗೆ ನಾನೇ ಸಂಬಳ ಕೊಡುವವನು, ಸ್ಲಿಪ್ ಕೊಟ್ಟುಕೊಳ್ಳುವ ಅಭ್ಯಾಸ ಇಟ್ಟುಕೊಂಡಿಲ್ಲ ಎಂದೆ. ಹಾಗಾದರೆ ಸ್ಲಿಪ್ ಇರುವ ಒಬ್ಬರ ಜಾಮೀನು ಸಹಿ ತನ್ನಿ, ಇಲ್ಲವೇ ಆಸ್ತಿ ಪತ್ರ ಇಡಿ ಎಂದರು. ಅಷ್ಟು ವರ್ಷ ಗ್ರೀಸು ಮೆತ್ತಿಕೊಂಡು ದುಡಿದ ಎರಡು ಕೈಗಳು ಒಂದು ಚೀಟಿಗಿಂತ ಹಗುರವಾದವು. ಫೀಸು ಕಟ್ಟಲು ಒಂದು ವಾರ ಉಳಿದಿತ್ತು. ಕಟ್ಟದಿದ್ದರೆ ಸೀಟು ಬೇರೆಯವರ ಪಾಲು.

ನಮ್ಮ ಬಳಗದಲ್ಲಿ ಸ್ಲಿಪ್ ಎಂಬ ಸೌಭಾಗ್ಯ ಇದ್ದದ್ದು ನನ್ನ ಹೆಂಡತಿಯ ಅಣ್ಣನಿಗೆ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಮನೆ, ಸರ್ಕಾರಿ ಕಚೇರಿಯಲ್ಲಿ ಕುರ್ಚಿ. ಆ ಕಚೇರಿಯಲ್ಲಿ ಹೆಚ್ಚು ದುಡಿದದ್ದು ಕುರ್ಚಿಯೇ ಇರಬೇಕು, ಆದರೆ ಸ್ಲಿಪ್ಪಿನಲ್ಲಿ ಹೆಸರು ಭಾವನದು. ಬಸ್ಸು ಹತ್ತಿ ಹೋದೆ.

“ಸಹಿ ತಾನೇ? ಹಾಕೋಣ ಬಿಡು ಮಾರಾಯ,” ಎಂದ ಭಾವ. ನಾನು ಜೇಬಿನಿಂದ ಬ್ಯಾಂಕಿನ ಫಾರಂ ತೆಗೆದೆ. ಅವನು ಮಾತು ಮುಗಿಸಿರಲಿಲ್ಲ. “ಹುಡುಗಿ ಓದು ಮುಗಿಸ್ತಾಳೆ. ಆಮೇಲೆ ನಮ್ಮ ಹುಡುಗನಿಗೇ ತಂದುಕೊಂಡ್ರಾಯ್ತು. ಸೋದರಮಾವನ ಮನೆ, ಹೊಸಬರೇನಲ್ಲ. ಅವಳ ಸಂಬಳ ಹೊರಗಿನವರ ಪಾಲಾಗಲ್ಲ.”

“ಸಾಲ?”

“ಅದು ನಿನ್ನ ಹೆಸರಲ್ಲೇ ಇರುತ್ತಲ್ಲ. ಅದಕ್ಕೆ ನಾವ್ಯಾಕೆ ಕೈ ಹಾಕೋದು?”

ಎಂಥ ಅಚ್ಚುಕಟ್ಟಾದ ಲೆಕ್ಕ. ಯಂತ್ರ ಅವನ ಶೆಡ್ಡಿಗೆ, ಕಂತು ನನ್ನ ಶೆಡ್ಡಿಗೆ. ವರದಕ್ಷಿಣೆ ಬೇಡ ಎಂದು ಕೊನೆಗೆ ಸೇರಿಸಿದ, ಅದು ಔದಾರ್ಯ. ‘ನಮ್ಮ ಹುಡುಗ’ ಆಗ ಬಿಕಾಂ ಕೊನೆಯ ವರ್ಷವನ್ನು ಬಿಟ್ಟುಹೋಗಲು ಮನಸ್ಸಾಗದೆ ಮತ್ತೆ ಮತ್ತೆ ಬರೆಯುತ್ತಿದ್ದ. ಒಳಕೋಣೆಯ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಮನೆಗೆ ಬಂದು ಹೇಳಿದಾಗ ಹೆಂಡತಿಗೆ ಸಮಾಧಾನವಾಯಿತು. “ನಮ್ಮಣ್ಣ ತಾನೇ, ಬೇರೆಯವರಾ?” ಎಂದಳು. ಮಗಳು ತಟ್ಟೆಯ ಮುಂದೆ ಕೂತಿದ್ದಳು.

“ಅಪ್ಪ, ಬ್ಯಾಂಕಿನ ಬಡ್ಡಿ ಕಟ್ತಾ ಹೋದ್ರೆ ಒಂದಿನ ತೀರುತ್ತೆ. ಮಾವನ ಸಹಿಗೆ ಬಡ್ಡಿ ನಾನು. ಅದು ಯಾವಾಗ ತೀರುತ್ತೆ?”

“ಬಾಯಿ ನೋಡು ಇವಳದ್ದು,” ಎಂದಳು ತಾಯಿ.

“ಬೇಕಾದ್ರೆ ಸೀಟು ಬಿಡ್ತೀನಿ. ಆ ಸಹಿ ಬೇಡ,” ಎಂದು ಮಗಳು ಕೈ ತೊಳೆಯಲು ಎದ್ದಳು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ಎರಡನೇ ಶೆಡ್ಡು ಹಾಕಬೇಕೆಂದು ಹೊಳೆಹೊನ್ನೂರು ರಸ್ತೆಯಲ್ಲಿ ಒಂದು ಸೈಟು ಕೊಂಡಿಟ್ಟಿದ್ದೆ. ನನ್ನ ಆಸೆಯೆಲ್ಲ ಅದರ ಮೇಲಿತ್ತು, ಸದ್ಯಕ್ಕೆ ಬೆಳೆದದ್ದು ಕಾಂಗ್ರೆಸ್ ಗಿಡ. ಬೆಳಗ್ಗೆ ಎದ್ದವನೇ ಅದರ ಪತ್ರ ತೆಗೆದುಕೊಂಡು ಬ್ಯಾಂಕಿಗೆ ಹೋದೆ. ಮ್ಯಾನೇಜರು ಎದ್ದು ನಿಂತು ಕುರ್ಚಿ ತೋರಿಸಿದರು. ಹಿಂದಿನ ಸಲ ಅಷ್ಟು ಹೊತ್ತೂ ನಾನು ನಿಂತೇ ಮಾತಾಡಿದ್ದೆನೆಂಬುದು ಆಗ ನೆನಪಾಯಿತು.

ಮಗಳು ಓದು ಮುಗಿಸುವ ಹೊತ್ತಿಗೆ ಯಾವುದೋ ದೂರದ ದೇಶದಲ್ಲಿ ಕಂಪ್ಯೂಟರ್ ಕಂಪನಿಗಳು ಮುಗ್ಗರಿಸಿದ್ದವು. ಕ್ಷೌರದಂಗಡಿಯ ಅರ್ಥಶಾಸ್ತ್ರಜ್ಞರು ಡಾಲರು ಬಿಟ್ಟು ಅಡಿಕೆ ಧಾರಣೆಗೆ ಮರಳಿದರು. ತಿಂಗಳುಗಟ್ಟಲೆ ಅಲೆದ ಮೇಲೆ ಅವಳಿಗೆ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸವಾಯಿತು. ಸಂಬಳ ಎಷ್ಟೆಂದು ನಮ್ಮ ಶೆಡ್ಡಿನ ಟರ್ನರ್ ಕೇಳಿದ. ತಮಿಳು ಮನೆಯವ, ನನ್ನ ಜೊತೆಯಲ್ಲೇ ತಲೆ ನರೆತವ. ಹೇಳಿದೆ.

“ಪಾಪಾಗೂ ನನಗೂ ಒಂದೇ ಸಂಬಳ ಅಣ್ಣಾ,” ಎಂದ. “ನನಗೆ ಕಂತಿಲ್ಲ. ಹಂಗಾಗಿ ನಾನೇ ಸಾವ್ಕಾರ.”

ಇಬ್ಬರೂ ನಕ್ಕೆವು. ಅವನು ಸ್ವಲ್ಪ ಜಾಸ್ತಿ ಹೊತ್ತು ನಕ್ಕ.

ಕಂತು ಕಟ್ಟುತ್ತಿದ್ದವಳು ಮಗಳೇ. ಕಂತು, ಬಸ್ಸು ಕಳೆದರೆ ಅವಳ ಕೈಯಲ್ಲಿ ಉಳಿಯುತ್ತಿದ್ದದ್ದರಲ್ಲಿ ಒಂದು ಒಳ್ಳೆಯ ಡ್ರಿಲ್ ಬಿಟ್ ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ಸಂಬಳ ಒಂದಿಷ್ಟು ಏರಿತು, ನಿಜ. ಆದರೂ ನನ್ನ ಯಂತ್ರದ ಲೆಕ್ಕದಲ್ಲಿ ಆ ಡಿಗ್ರಿ ಇನ್ನೂ ಪಾಸಾಗಿರಲಿಲ್ಲ. ಭಾವ ಮಾತ್ರ ಸಿಕ್ಕ ಮದುವೆಯ ಪಂಕ್ತಿಯಲ್ಲೆಲ್ಲ “ನಾನು ಅವತ್ತೇ ಹೇಳಿದ್ದೆ” ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಅವತ್ತು ಏನು ಹೇಳಿದ್ದನೆಂದು ಯಾರೂ ಕೇಳಲಿಲ್ಲ.

ಆಮೇಲೆ ಅವನು ರಿಟೈರಾದ. ಒಂದು ಭಾನುವಾರ ಬಾಳೆಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದ. ಮಗ ಗೂಡ್ಸ್ ಆಟೋ ಕೊಳ್ಳುತ್ತಾನೆ, ಸೊಸೈಟಿಯಲ್ಲಿ ಸಾಲ ಕೊಡುತ್ತಾರೆ, ಆದರೆ ನೌಕರಿಯಲ್ಲಿರುವವರ ಜಾಮೀನು ಬೇಕು, ಪೆನ್ಶನ್ನಿನವರದು ನಡೆಯುವುದಿಲ್ಲ ಎಂದು ಗೋಡೆಯ ಕ್ಯಾಲೆಂಡರಿಗೆ ಹೇಳಿದ. ಹೆಂಡತಿ ನನ್ನ ಮುಖ ನೋಡಿದಳು. ನಾನು ಮಗಳ ಮುಖ ನೋಡಿದೆ. ನಮ್ಮ ಮನೆಯಲ್ಲಿ ಸ್ಲಿಪ್ ಇದ್ದದ್ದು ಅವಳೊಬ್ಬಳಿಗೆ.

“ನಿನ್ನ ಹತ್ರ ಸ್ಲಿಪ್ ಇದೆಯಲ್ಲಮ್ಮ,” ಎಂದ ಭಾವ, ಕೊನೆಗೂ ಕ್ಯಾಲೆಂಡರನ್ನು ಬಿಟ್ಟು.

“ಇದೆ ಮಾವ. ಸಹಿ ಹಾಕ್ತೀನಿ.”

ಭಾವನ ಮುಖ ಅರಳಿತು. “ಬದಲಿಗೆ ಏನು ಕೊಡ್ಲಿ ಹೇಳು ನಿನಗೆ?”

“ಏನೂ ಕೊಡಬೇಡಿ. ಮುಖ್ಯವಾಗಿ ನಿಮ್ಮ ಮಗನ್ನ ಕೊಡಬೇಡಿ.”

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ನಡೆದಳು. ಅದು ಅಳುವಲ್ಲ ಎಂದು ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಭಾವ ಕಾಫಿ ಲೋಟ ಕೆಳಗಿಟ್ಟ.

“ಓದಿಸಿ ಓದಿಸಿ ಇವಳಿಗೆ ಬಾಯಿ ಜಾಸ್ತಿ ಆಗಿದೆ ಮಾರಾಯ.”

“ಇಲ್ಲ ಭಾವ,” ಎಂದೆ. “ಬಾಯಿ ಮೊದಲಿಂದ್ಲೂ ಇತ್ತು. ಅದಕ್ಕೆ ನಾನು ಸಾಲ ಮಾಡಿಲ್ಲ.”